ಒಂದೇ ದನಿ, ಎರಡು ವೇಗ: ಮಾದರಿ ವಿಮಾನಕ್ಕೆ ಪ್ರೊಪೆಲರಿನ ಆಯ್ಕೆ

ಭಾನುವಾರ ಬೆಳಗಿನ ಎಂಟು ಗಂಟೆ. ಊರಾಚೆಯ ಬಯಲಿನಲ್ಲಿ ಹತ್ತಾರು ಮಂದಿ ದೊಡ್ಡದೊಂದು ವೃತ್ತವಾಗಿ ನಿಂತಿದ್ದಾರೆ. ವೃತ್ತದ ನಡುವೆ ಎನ್.ಸಿ.ಸಿ. ವಾಯುದಳದ ಕೆಡೆಟ್ ಒಬ್ಬನು, ಹದಿನಾರು ವರುಷದ ಹುಡುಗ, ಮರದ ಹಿಡಿಯೊಂದನ್ನು ಬಲಗೈಯಲ್ಲಿ ಬಿಗಿಹಿಡಿದು ನಿಂತಿದ್ದಾನೆ. ಆ ಹಿಡಿಯಿಂದ ಹೊರಟ ಎರಡು ತೆಳುವಾದ ಉಕ್ಕಿನ ತಂತಿಗಳು ಐವತ್ತು ಅಡಿ ದೂರದಲ್ಲಿ, ಬಾಲ್ಸಾ ಮರದಿಂದ ಮಾಡಿದ ಪುಟ್ಟ ವಿಮಾನದ ಎಡರೆಕ್ಕೆಯೊಳಗೆ ಹೊಕ್ಕಿವೆ. ಗೆಳೆಯನು ಮೂತಿಯಲ್ಲಿನ ಪ್ರೊಪೆಲರನ್ನು ಕೋಲಿನಿಂದ ಒಮ್ಮೆ, ಎರಡು ಬಾರಿ ತಟ್ಟಿದನು. ಈಥರಿನ ವಾಸನೆ ಬಯಲೆಲ್ಲ ಹರಡಿತು. ಡೀಸೆಲ್ ಎಂಜಿನ್ನು ಹೊತ್ತಿಕೊಂಡು ಹಾಡತೊಡಗಿತು. ಹೋದ ವಾರದ್ದೇ ದನಿ. ಅದರಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ.

ವಿಮಾನವು ನೆಲ ಬಿಟ್ಟಿತು. ಎರಡು ಸುತ್ತು ಬಂದಿತು. ಮೂರನೆಯ ಸುತ್ತಿನಲ್ಲಿ ಹುಡುಗನು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಅದನ್ನು ಮೇಲಕ್ಕೇರಿಸಿದನು. ಹೋದ ವಾರ ಸಲೀಸಾಗಿ ನೆತ್ತಿಯ ಮೇಲಿಂದ ದಾಟಿಹೋಗಿದ್ದ ವಿಮಾನವು ಈ ಬಾರಿ ನಡುದಾರಿಯಲ್ಲಿಯೇ ಸೋತಂತೆ ನಿಧಾನಿಸಿತು. ತಂತಿಗಳೆರಡೂ ಸಡಿಲಗೊಂಡು ಜೋತುಬಿದ್ದವು. ಹುಡುಗನ ಕೈಯಲ್ಲಿದ್ದ ಹಿಡಿಗೆ ಆ ಕ್ಷಣದಲ್ಲಿ ಯಾವ ಅರ್ಥವೂ ಉಳಿಯಲಿಲ್ಲ. ಒಡೆಯನಿಲ್ಲದ ವಿಮಾನವು ಮಗ್ಗುಲಾಗಿ ಉರುಳಿ, ವೃತ್ತದ ಅಂಚಿನಲ್ಲಿ ತಂದೆಯ ಕೈಹಿಡಿದು ನಿಂತಿದ್ದ ಪುಟ್ಟ ತಂಗಿಯಿಂದ ಹತ್ತು ಹೆಜ್ಜೆ ದೂರದಲ್ಲಿ ನೆಲಕ್ಕೆ ಬಡಿಯಿತು.

ಸುತ್ತಲಿದ್ದವರು ತಲೆಗೊಂದು ತೀರ್ಪು ಕೊಟ್ಟರು. ಕೈ ನಡುಗಿತೆಂದು ಒಬ್ಬರು, ಗಾಳಿ ಎದ್ದಿತೆಂದು ಇನ್ನೊಬ್ಬರು, ಎಂಜಿನ್ನು ನಿತ್ರಾಣವಾಯಿತೆಂದು ಮತ್ತೊಬ್ಬರು. ಹಿರಿಯ ಹವ್ಯಾಸಿಯೊಬ್ಬರು ಮಾತ್ರ ಮಾತನಾಡದೆ ಬಗ್ಗಿ, ಮುರಿದ ಪ್ರೊಪೆಲರಿನ ತುಂಡನ್ನು ಎತ್ತಿಕೊಂಡು ಅದರ ಮೇಲಿನ ಅಂಕಿಗಳನ್ನು ಓದಿದರು.

“ಹೋದ ವಾರವೂ ಇದನ್ನೇ ಹಾಕಿದ್ದೆಯೇನಪ್ಪಾ?”

“ಇಲ್ಲ ಸಾರ್. ಅದು ಇಳಿಯುವಾಗ ಮುರಿಯಿತು. ಅಂಥದೇ ಸಿಗಲಿಲ್ಲ. ಇದು ಅದಕ್ಕಿಂತ ಒಂದಂಗುಲ ದೊಡ್ಡದು. ದೊಡ್ಡದಾದರೆ ಚೆನ್ನಾಗಿ ಎಳೆಯುತ್ತದೆ ಎಂದುಕೊಂಡೆ. ಎಂಜಿನ್ನೂ ಹಾಗೆಯೇ ಓಡಿತಲ್ಲ!”

ಎಡವಟ್ಟು ಅಲ್ಲಿಯೇ ಇತ್ತು. ಎಂಜಿನ್ನು ಹಾಗೆಯೇ ಓಡಿತು, ನಿಜ. ವಿಮಾನ ಹಾಗೆ ಓಡಲಿಲ್ಲ.

ತಂತಿಯ ತುದಿಯ ವಿಮಾನ

ಈ ಬಗೆಯ ವಿಮಾನಕ್ಕೆ ಕಂಟ್ರೋಲ್ ಲೈನ್ ವಿಮಾನವೆಂದು ಹೆಸರು. ಇದರಲ್ಲಿ ರೇಡಿಯೋ ಇಲ್ಲ, ಬ್ಯಾಟರಿ ಇಲ್ಲ. ಹಿಡಿಯನ್ನು ಹಿಂದಕ್ಕೆ ಬಾಗಿಸಿದರೆ ಒಂದು ತಂತಿ ಸೆಳೆಯುತ್ತದೆ, ಇನ್ನೊಂದು ಬಿಡುತ್ತದೆ. ವಿಮಾನದೊಳಗಿನ ಮುಮ್ಮೂಲೆಯ ತಿರುಗುಣಿಯೊಂದು ಆ ಸೆಳೆತವನ್ನು ಬಾಲದ ಅಡ್ಡಹಲಗೆಗೆ ಮುಟ್ಟಿಸುತ್ತದೆ. ಹಲಗೆ ಮೇಲೆದ್ದರೆ ವಿಮಾನ ಏರುತ್ತದೆ, ಕೆಳಬಾಗಿದರೆ ಇಳಿಯುತ್ತದೆ. ಅಮೆರಿಕದ ಪೋರ್ಟ್‌ಲೆಂಡ್ ನಗರದ ಜಿಮ್ ವಾಕರ್ ಎಂಬಾತನು 1940ರ ಸುಮಾರಿಗೆ ಇದನ್ನು ಜನಪ್ರಿಯಗೊಳಿಸಿ, 1942ರಲ್ಲಿ ಪೇಟೆಂಟನ್ನೂ ಪಡೆದನು. ಎರಡು ಕೈಗಳಲ್ಲಿ ಎರಡು ವಿಮಾನಗಳನ್ನೂ ತಲೆಗೆ ಕಟ್ಟಿಕೊಂಡ ಹಿಡಿಯಿಂದ ಮೂರನೆಯದನ್ನೂ ಏಕಕಾಲದಲ್ಲಿ ಹಾರಿಸಿ ಆತನು ನೋಡುವವರನ್ನು ಬೆರಗುಗೊಳಿಸುತ್ತಿದ್ದನಂತೆ.

ಇದಕ್ಕೆ ಹೊಂದುವ ಸಣ್ಣ ಡೀಸೆಲ್ ಎಂಜಿನ್ನು ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡು, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಮನೆಮಾತಾಯಿತು. ಅಲ್ಲಿ 1946ರಲ್ಲಿ ಹೊರಬಂದ ‘ಮಿಲ್ಸ್’ ಎಂಜಿನ್ನು 1.3 ಸಿಸಿ ಗಾತ್ರದ್ದು, ಅಂಗೈಯಲ್ಲಿ ಅಡಗುವಂಥದು. ಅದೇ ನಮೂನೆಯ ಎಂಜಿನ್ನುಗಳು ಮುಂದೆ ಭಾರತದಲ್ಲಿಯೂ ತಯಾರಾದವು. ಲಾರಿಯ ಡೀಸೆಲಿಗೂ ಇದಕ್ಕೂ ಹೆಸರಿನ ನಂಟೇ ಹೆಚ್ಚು. ಲಾರಿಯ ಎಂಜಿನ್ನಿನಲ್ಲಿ ಮೊದಲು ಗಾಳಿಯನ್ನು ಒತ್ತಿ ಕಾಯಿಸಿ ಆಮೇಲೆ ಇಂಧನವನ್ನು ಚಿಮ್ಮಿಸುತ್ತಾರೆ. ಇಲ್ಲಿ ಗಾಳಿಯೂ ಇಂಧನವೂ ಬೆರೆತೇ ಒಳಹೊಕ್ಕು, ಒತ್ತಡದ ಕಾವಿಗೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಇಂಧನವು ಈಥರ್, ಸೀಮೆಎಣ್ಣೆ, ಹರಳೆಣ್ಣೆಗಳ ಮಿಶ್ರಣ; ಹೆಚ್ಚು ಕಡಿಮೆ ಮೂರೂ ಸಮಪಾಲು. ಕಿಡಿ ಹಚ್ಚುವ ಪ್ಲಗ್ಗಿನ ಗೊಡವೆಯೇ ಇಲ್ಲ. ಸಿಲಿಂಡರಿನ ನೆತ್ತಿಯಲ್ಲಿ ಒಂದು ತಿರುಪು ಇದೆ. ಅದನ್ನು ಬಿಗಿದರೆ ಒಳಗಿನ ಒತ್ತಡ ಹೆಚ್ಚುತ್ತದೆ, ಸಡಿಲಿಸಿದರೆ ತಗ್ಗುತ್ತದೆ.

ಎರಡು ಅಂಕಿಗಳ ಅರ್ಥ

ಪ್ರತಿಯೊಂದು ಪ್ರೊಪೆಲರಿನ ಮೇಲೂ ಎರಡು ಅಂಕಿಗಳಿರುತ್ತವೆ: 8×6, 9×4, 10×6 ಎಂಬಂತೆ. ಮೊದಲನೆಯದು ವ್ಯಾಸ, ಒಂದು ಅಲಗಿನ ತುದಿಯಿಂದ ಇನ್ನೊಂದು ಅಲಗಿನ ತುದಿಯವರೆಗಿನ ಉದ್ದ, ಅಂಗುಲಗಳಲ್ಲಿ. ಎರಡನೆಯದಕ್ಕೆ ಪಿಚ್ ಎನ್ನುತ್ತಾರೆ. ಮರದ ಹಲಗೆಗೆ ತಿರುಪುಮೊಳೆಯನ್ನು ತಿರುಗಿಸಿದರೆ ಒಂದು ಸುತ್ತಿಗೆ ಅದು ಇಷ್ಟೆಂದು ಒಳಹೊಗುತ್ತದೆಯಷ್ಟೆ. ಅದೇ ರೀತಿ ಪ್ರೊಪೆಲರು ಒಂದು ಸುತ್ತು ಸುತ್ತಿದಾಗ ಲೆಕ್ಕಕ್ಕೆ ಎಷ್ಟು ಅಂಗುಲ ಮುಂದೆ ಹೋಗಬೇಕೋ ಅದೇ ಪಿಚ್. ಅಲಗಿನ ಓರೆ ಹೆಚ್ಚಿದಷ್ಟೂ ಪಿಚ್ಚು ಹೆಚ್ಚು.

ಆದರೆ ಗಾಳಿಯು ಮರದಷ್ಟು ಗಟ್ಟಿಯಲ್ಲ, ಅದು ಜಾರುತ್ತದೆ. ತಿರುಪಿನ ಹೋಲಿಕೆ ಅಳತೆಗೆ ಒದಗುತ್ತದೆಯೇ ಹೊರತು ಪ್ರೊಪೆಲರಿನ ಸ್ವಭಾವವನ್ನು ತಿಳಿಸದು. ರೈಟ್ ಸೋದರರು ತಮ್ಮ 1903ರ ವಿಮಾನಕ್ಕೆ ಪ್ರೊಪೆಲರು ಮಾಡಹೊರಟಾಗ, ಹಡಗಿನ ತಿರುಪನ್ನು ನಕಲು ಮಾಡಿದರೆ ಸಾಕೆಂದು ಮೊದಲು ಭಾವಿಸಿದ್ದರು. ಹಡಗಿನವರ ಶಾಸ್ತ್ರ ಅವರಿಗೆ ಸಾಲದಾಯಿತು. ದೀರ್ಘ ವಾದವಿವಾದಗಳ ನಂತರ ಅಣ್ಣತಮ್ಮಂದಿರಿಗೆ ಹೊಳೆದ ಸತ್ಯವೆಂದರೆ, ಪ್ರೊಪೆಲರೆಂಬುದು ಸುತ್ತುವ ರೆಕ್ಕೆ. ರೆಕ್ಕೆಯು ವಿಮಾನವನ್ನು ಮೇಲಕ್ಕೆತ್ತುವಂತೆ ಅದು ವಿಮಾನವನ್ನು ಮುಂದಕ್ಕೆಳೆಯುತ್ತದೆ. ರೆಕ್ಕೆಗಳು ವಿಮಾನದಿಂದ ವಿಮಾನಕ್ಕೆ ಬೇರೆಯಾಗುವಂತೆ ಪ್ರೊಪೆಲರೂ ಬೇರೆಯಾಗಬೇಕು.

ಕಿವಿಗೆ ಸಿಕ್ಕದ ವ್ಯತ್ಯಾಸ

ಹುಡುಗನು ಹೋದ ವಾರ ಹಾಕಿದ್ದುದು 8×6. ಈ ವಾರ ಹಾಕಿದ್ದುದು 9×4. ಎಂಜಿನ್ನಿನ ಮೇಲೆ ಬೀಳುವ ಹೊರೆಯನ್ನು ಅಳೆಯಲು ಹವ್ಯಾಸಿಗಳಲ್ಲಿ ಒಂದು ಸುಲಭ ಲೆಕ್ಕವಿದೆ. ವ್ಯಾಸವನ್ನು ನಾಲ್ಕು ಬಾರಿ ಇಟ್ಟು ಗುಣಿಸಬೇಕು. ಬಂದುದನ್ನು ಪಿಚ್ಚಿನಿಂದ ಗುಣಿಸಬೇಕು. 8×8×8×8 ಎಂದರೆ 4096. ಅದರ ಆರರಷ್ಟು 24,576. 9×9×9×9 ಎಂದರೆ 6561; ಅದರ ನಾಲ್ಕರಷ್ಟು 26,244. ಅಲಗಿನ ಆಕಾರ ಒಂದೇ ಬಗೆಯದಾಗಿದ್ದರೆ ಎರಡು ಹೊರೆಗಳಿಗೂ ಇರುವ ಅಂತರ ನೂರಕ್ಕೆ ಏಳರಷ್ಟು. ಎಂಜಿನ್ನಿನ ಸುತ್ತುಗಳಲ್ಲಿ ಇದರಿಂದಾಗುವ ಇಳಿತ ಇನ್ನೂ ಕಡಿಮೆ. ಕಿವಿಗೆ ಅದು ಸಿಕ್ಕುವುದೇ ಇಲ್ಲ. ನಿಮಿಷಕ್ಕೆ ಸುಮಾರು 9,000 ಸುತ್ತು ಹೋದ ವಾರವೂ ಇತ್ತು, ಈ ವಾರವೂ ಇತ್ತು. ದನಿ ಬದಲಾಗದಿದ್ದುದು ಇದರಿಂದಲೇ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. 8×4 ಇದ್ದ ಕಡೆ 8×5 ಹಾಕಿದರೆ ಹೊರೆ ಕಾಲುಭಾಗ ಹೆಚ್ಚುತ್ತದೆ. ಆದರೆ 8×4 ಇದ್ದ ಕಡೆ 9×4 ಹಾಕಿದರೆ ಹೊರೆ ಒಮ್ಮೆಗೇ ನೂರಕ್ಕೆ ಅರವತ್ತರಷ್ಟು ಏರುತ್ತದೆ. ವ್ಯಾಸದ ಒಂದಂಗುಲವೂ ಪಿಚ್ಚಿನ ಒಂದಂಗುಲವೂ ಸಮವಲ್ಲ. ಎಂಜಿನ್ನಿಗೆ ಪ್ರೊಪೆಲರು ಭಾರವಾಯಿತೆಂದು ತೋರಿದರೆ ಮೊದಲು ಕಡಿಮೆ ಮಾಡತಕ್ಕದ್ದು ವ್ಯಾಸವನ್ನು.

ಇನ್ನು ವೇಗದ ಲೆಕ್ಕ. 8×6 ಒಂದು ಸುತ್ತಿಗೆ 6 ಅಂಗುಲ ಮುಂದೆ ಹೋದರೆ 9,000 ಸುತ್ತಿಗೆ 54,000 ಅಂಗುಲ. ಗಂಟೆಗೆ ಸುಮಾರು 82 ಕಿಲೋಮೀಟರು. 9×4ರದು 36,000 ಅಂಗುಲ. ಗಂಟೆಗೆ 55 ಕಿಲೋಮೀಟರು. ಗಾಳಿ ಜಾರುವುದರಿಂದ ನಿಜವಾದ ವೇಗ ಕೊಂಚ ಕಡಿಮೆ. ಹಾರಾಟದಲ್ಲಿ ಎಂಜಿನ್ನಿನ ಸುತ್ತು ತುಸು ಏರುವುದರಿಂದ ಕೊಂಚ ಹೆಚ್ಚು. ಎರಡೂ ಸೇರಿ ಲೆಕ್ಕವನ್ನು ತೀರ ಕೆಡಿಸುವುದಿಲ್ಲ. ಸೈಕಲ್ಲಿನ ಹಲ್ಲುಚಕ್ರವನ್ನು ಬದಲಿಸಿದವನಿಗೆ ಇದು ಬೇಗ ಅರ್ಥವಾದೀತು. ತುಳಿಯುವ ಕಾಲು ಅದೇ, ತುಳಿತದ ಲಯವೂ ಅದೇ. ಗಾಡಿ ಸಾಗುವ ದೂರ ಮಾತ್ರ ಬೇರೆ.

ಕವಣೆಯ ಕಲ್ಲು

ವೇಗ ಕಡಿಮೆಯಾದರೆ ನಷ್ಟವೇನು, ಕಲಿಯುವವನಿಗೆ ನಿಧಾನವೇ ಒಳ್ಳೆಯದಲ್ಲವೆ ಎಂದು ಯಾರಿಗಾದರೂ ತೋರುವುದು ಸಹಜ. ಬೇರೆ ವಿಮಾನಗಳಲ್ಲಿ ಅದು ಸರಿಯೆ. ಕಂಟ್ರೋಲ್ ಲೈನಿನಲ್ಲಿ ವೇಗಕ್ಕೆ ಇನ್ನೊಂದು ಕೆಲಸವಿದೆ. ತಂತಿಗಳನ್ನು ಬಿಗಿಯಾಗಿಡುವುದು ವೇಗವೇ.

ಕವಣೆಯನ್ನು ಜೋರಾಗಿ ತಿರುಗಿಸಿದಾಗ ಕಲ್ಲು ಕೈಯನ್ನು ಹೊರಕ್ಕೆ ಎಳೆಯುತ್ತದೆ. ನಿಧಾನಿಸಿದೊಡನೆ ಹಗ್ಗ ಜೋಲುತ್ತದೆ. ಈ ಎಳೆತವು ವೇಗದ ವರ್ಗಕ್ಕೆ ಅನುಸಾರವಾಗಿ ಏರಿಳಿಯುತ್ತದೆ. ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿ. ಹುಡುಗನ ವಿಮಾನದ ತೂಕ 400 ಗ್ರಾಮು. 82 ಕಿಲೋಮೀಟರು ವೇಗದಲ್ಲಿ, ಐವತ್ತು ಅಡಿಯ ತಂತಿಯ ಮೇಲೆ, ಅದು ಅವನ ಕೈಯನ್ನು ಸುಮಾರು 1,400 ಗ್ರಾಮಿನ ಬಲದಿಂದ ಎಳೆಯುತ್ತಿತ್ತು. ಎಂದರೆ ತನ್ನ ತೂಕದ ಮೂರೂವರೆ ಪಾಲು. 55 ಕಿಲೋಮೀಟರಿಗೆ ಇಳಿದಾಗ ಎಳೆತವು 620 ಗ್ರಾಮಿಗೆ ಕುಸಿಯಿತು. ವೇಗ ಮೂರರಲ್ಲಿ ಒಂದು ಪಾಲು ತಗ್ಗಿದರೆ ಎಳೆತ ಅರ್ಧಕ್ಕಿಂತಲೂ ಕೆಳಗಿಳಿಯಿತು.

ವಿಮಾನ ನೆತ್ತಿಯ ಮೇಲೆ ಬಂದಾಗ ಅದರ ತೂಕವೆಲ್ಲ ಹುಡುಗನ ಕಡೆಗೇ ಇಳಿಯುತ್ತದೆ. 400 ಗ್ರಾಮನ್ನು ಕಳೆದರೆ ಹೋದ ವಾರ 1,000 ಗ್ರಾಮಿನಷ್ಟು ಬಿಗಿ ಉಳಿಯುತ್ತಿತ್ತು; ಈ ವಾರ 220 ಗ್ರಾಮು. ಅದೂ ಏರುವಾಗ ವೇಗ ಕುಗ್ಗದಿದ್ದರೆ. ಏರುವಾಗ ವೇಗ ಕುಗ್ಗಿಯೇ ಕುಗ್ಗುತ್ತದೆ. ಉಳಿದಿದ್ದ ಇಷ್ಟು ಬಿಗಿಯೂ ಹೋಯಿತು. ಇದರ ಜೊತೆಗೆ ಇನ್ನೊಂದು ತೊಡಕು ಸೇರಿತು. ಎಂಜಿನ್ನು ಪ್ರೊಪೆಲರನ್ನು ಒಂದು ಕಡೆಗೆ ತಿರುಗಿಸುವಾಗ ವಿಮಾನವನ್ನು ಅದರ ಎದುರು ದಿಕ್ಕಿಗೆ ಉರುಳಿಸಲು ನೋಡುತ್ತದೆ. ವಾಡಿಕೆಯಂತೆ ಎಡಸುತ್ತು ಹಾರುವ ವಿಮಾನದಲ್ಲಿ ಈ ಉರುಳು ಒಳರೆಕ್ಕೆಯನ್ನು, ಎಂದರೆ ಹಾರಿಸುವವನ ಕಡೆಯ ರೆಕ್ಕೆಯನ್ನು, ಕೆಳಕ್ಕೆ ತಗ್ಗಿಸುತ್ತದೆ. ತಂತಿ ಬಿಗಿಯಾಗಿದ್ದಾಗ ಇದು ಗೊತ್ತೇ ಆಗುವುದಿಲ್ಲ. ಸಡಿಲಾದಾಗ ವಿಮಾನವನ್ನು ಒಳಕ್ಕೆ ತಂದುಹಾಕುತ್ತದೆ. ಇದನ್ನು ತಡೆಯಲೆಂದೇ ಅನುಭವಿಗಳು ಹೊರರೆಕ್ಕೆಯ ತುದಿಯಲ್ಲಿ ಸೀಸದ ಸಣ್ಣ ತುಣುಕನ್ನಿಡುತ್ತಾರೆ; ಎಂಜಿನ್ನಿನ ಮೂತಿಯನ್ನು ಕೊಂಚ ಹೊರಕ್ಕೆ ತಿರುಗಿಸಿ ಕೂರಿಸುತ್ತಾರೆ.

ಹಾಗೆಂದು 9×4 ಕೆಟ್ಟದ್ದೆಂದಲ್ಲ. ರೆಕ್ಕೆ ಅಗಲವಾಗಿದ್ದು ಮೈ ಹಗುರವಾಗಿರುವ ಲಾಗದ ವಿಮಾನಕ್ಕೆ ಹೆಚ್ಚಿನ ವ್ಯಾಸ, ಕಡಿಮೆ ಪಿಚ್ಚಿನ ಪ್ರೊಪೆಲರೇ ಹಿತ. ಏರುವಾಗ ಅದು ಕೈಬಿಡದೆ ಎಳೆಯುತ್ತದೆ. ಇಳಿಯುವಾಗ ತಾನೇ ಅಡ್ಡನಿಂತು ತಡೆಯುತ್ತದೆ. ವೇಗ ಎಲ್ಲೆಡೆಯೂ ಒಂದೇ ಸಮನಾಗಿರುತ್ತದೆ. ಆದರೆ ಅದಕ್ಕೆ ಒಪ್ಪುವಂತೆ ತಂತಿಯನ್ನು ಗಿಡ್ಡಮಾಡಬೇಕು. ಅದೇ 55 ಕಿಲೋಮೀಟರು ವೇಗದಲ್ಲಿ ತಂತಿಯನ್ನು ನಲವತ್ತು ಅಡಿಗೆ ಇಳಿಸಿದರೆ ಎಳೆತವು 620 ಗ್ರಾಮಿನಿಂದ 780 ಗ್ರಾಮಿಗೆ ಏರುತ್ತದೆ. ಹುಡುಗನು ಪ್ರೊಪೆಲರನ್ನು ಬದಲಿಸಿದನು, ತಂತಿಯನ್ನು ಬದಲಿಸಲಿಲ್ಲ.

ಇನ್ನೊಂದು ತುದಿಯಲ್ಲಿ ಪಂದ್ಯದ ವಿಮಾನಗಳಿವೆ. ಅಂತರರಾಷ್ಟ್ರೀಯ ತಂಡ-ಓಟದಲ್ಲಿ 2.5 ಸಿಸಿ ಎಂಜಿನ್ನುಗಳೇ ಗರಿಷ್ಠ. ತಂತಿಯ ಉದ್ದ 15.92 ಮೀಟರು, ನೂರು ಸುತ್ತಿಗೆ ಸರಿಯಾಗಿ ಹತ್ತು ಕಿಲೋಮೀಟರು. ಮೂವರು ಹಾರಿಸುವವರು ಒಂದೇ ವೃತ್ತದಲ್ಲಿ ಒಬ್ಬರ ಸುತ್ತ ಒಬ್ಬರು ತಿರುಗುತ್ತ, ಗಂಟೆಗೆ 200 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ವಿಮಾನಗಳನ್ನು ಓಡಿಸುತ್ತಾರೆ. ನಡುವೆ ಇಳಿದು ಇಂಧನ ತುಂಬಿಸಿಕೊಳ್ಳಬೇಕಾದ ಈ ಓಟದಲ್ಲಿ ಡೀಸೆಲಿನ ಮಿತವ್ಯಯ ದೊಡ್ಡ ಗುಣ. ಅಲ್ಲಿನ ಪ್ರೊಪೆಲರುಗಳ ವ್ಯಾಸ ಚಿಕ್ಕದು, ಪಿಚ್ಚು ಹೆಚ್ಚು. ಅವುಗಳಲ್ಲೊಂದನ್ನು ಹುಡುಗನ ವಿಮಾನಕ್ಕೆ ಹಾಕಿದರೆ ಅದು ನೆಲ ಬಿಡುವುದೇ ಅನುಮಾನ.

ಎಂಜಿನ್ನಿನ ಮಾತನ್ನೂ ಕೇಳಬೇಕು

ವಿಮಾನಕ್ಕೆ ಒಪ್ಪಿದರೆ ಸಾಲದು, ಎಂಜಿನ್ನಿಗೂ ಒಪ್ಪಬೇಕು. ತೆಳುಮಜ್ಜಿಗೆಯಲ್ಲಿ ಆಡುವ ಕಡೆಗೋಲು ಗಟ್ಟಿಮೊಸರಿನಲ್ಲಿ ತಡವರಿಸುತ್ತದೆ. 8×6ರಲ್ಲಿ ಸುಖವಾಗಿರುವ ಎಂಜಿನ್ನಿಗೆ 10×6 ಹಾಕಿದರೆ ಹೊರೆ ಎರಡೂವರೆ ಪಾಲಿಗೆ ಹತ್ತಿರವಾಗುತ್ತದೆ. ಎಂಜಿನ್ನು ಮೊದಲು ಗಡುಸಾಗಿ ಬಡಿದುಕೊಳ್ಳುತ್ತದೆ. ಕಾಯುತ್ತ ಕಾಯುತ್ತ ಸುತ್ತು ಇಳಿಯುತ್ತದೆ. ಹೊರಬರುವ ಎಣ್ಣೆ ಕಪ್ಪಾಗುತ್ತದೆ. ಕಡೆಗೆ ಕುಸಿದು ನಿಲ್ಲುತ್ತದೆ. ತೀರ ಚಿಕ್ಕ ಪ್ರೊಪೆಲರಿನ ಕೇಡು ಬೇರೆ ಬಗೆಯದು. ಎಂಜಿನ್ನು ಚೀರುತ್ತ ಸುತ್ತುತ್ತದೆ, ಸವೆಯುತ್ತದೆ; ವಿಮಾನಕ್ಕೆ ಸಿಗುವ ಎಳೆತ ಮಾತ್ರ ಅಲ್ಪ.

ಡೀಸೆಲಿನ ಸ್ವಭಾವವೇ ದೊಡ್ಡ ಪ್ರೊಪೆಲರನ್ನು ನಿಧಾನವಾಗಿ, ಕಸುವಿನಿಂದ ತಿರುಗಿಸುವುದು. ಮೆಥನಾಲಿನಿಂದ ಓಡುವ ಗ್ಲೋಪ್ಲಗ್ ಎಂಜಿನ್ನಿನ ಸ್ವಭಾವ ಚಿಕ್ಕದನ್ನು ವೇಗವಾಗಿ ತಿರುಗಿಸುವುದು. ಆದುದರಿಂದ ಗ್ಲೋಪ್ಲಗ್ ಎಂಜಿನ್ನಿನ ಪಟ್ಟಿಯನ್ನು ನೋಡಿಕೊಂಡು ಡೀಸೆಲಿಗೆ ಪ್ರೊಪೆಲರು ಕೊಳ್ಳುವುದು ಸಲ್ಲದು. ಸಾಧಾರಣ ಡೀಸೆಲುಗಳಿಗೆ ಆರಂಭದ ಅಳತೆಗಳು ಹೀಗಿವೆ: ಮುಕ್ಕಾಲು ಸಿಸಿಗೆ 7×4 ಅಥವಾ 8×4, ಒಂದೂವರೆ ಸಿಸಿಗೆ 8×4 ಅಥವಾ 8×5, ಎರಡೂವರೆ ಸಿಸಿಗೆ 9×4 ಅಥವಾ 8×6, ಮೂರೂವರೆ ಸಿಸಿಗೆ 9×6 ಅಥವಾ 10×6. ಇವು ಆರಂಭಕ್ಕಷ್ಟೆ. ಎಂಜಿನ್ನಿನ ಜೊತೆಗೆ ಬಂದ ಕಾಗದದಲ್ಲಿ ತಯಾರಕರು ಹೇಳಿರುವ ಅಳತೆ ಮೊದಲ ಮಾತು; ಸ್ಟಾಪ್‌ವಾಚು ಕಡೆಯ ಮಾತು.

ಪ್ರೊಪೆಲರು ಬದಲಾದಾಗ ನೆತ್ತಿಯ ತಿರುಪೂ ಬದಲಾಗಬೇಕು. ಹೊರೆ ಹೆಚ್ಚಿದರೆ ಒತ್ತಡವನ್ನು ಕೊಂಚ ತಗ್ಗಿಸಬೇಕು. ಹೊರೆ ಇಳಿದರೆ ಕೊಂಚ ಏರಿಸಬೇಕು. ಒತ್ತಡ ಸಾಲದಿದ್ದರೆ ಎಂಜಿನ್ನು ತಪ್ಪಿತಪ್ಪಿ ಉರಿಯುತ್ತದೆ, ದನಿ ಒಡೆಯುತ್ತದೆ. ಅತಿಯಾದರೆ ಗಡುಸಾಗಿ ಬಡಿಯುತ್ತದೆ. ಸಿಲಿಂಡರಿನಲ್ಲಿ ಇಂಧನ ತುಂಬಿ ಪ್ರೊಪೆಲರು ತಿರುಗದೆ ನಿಂತಾಗ ಬಲವಂತ ಮಾಡಬಾರದು. ದ್ರವವನ್ನು ಒತ್ತಿ ಕುಗ್ಗಿಸಲಾಗದು. ಬಲಪ್ರಯೋಗ ಮಾಡಿದರೆ ಬಾಗುವುದು ಒಳಗಿನ ಸಲಾಕೆ. ತಿರುಪನ್ನು ಸಡಿಲಿಸಿ, ಇಂಧನವನ್ನು ಹೊರಬಿಟ್ಟು, ಮೆಲ್ಲನೆ ಮತ್ತೆ ಆರಂಭಿಸಬೇಕು.

ಬೆರಳಿನ ಬೆಲೆ

ಒಂಬತ್ತು ಅಂಗುಲದ ಪ್ರೊಪೆಲರು ನಿಮಿಷಕ್ಕೆ 10,000 ಸುತ್ತಿನಲ್ಲಿ ತಿರುಗುವಾಗ ಅದರ ತುದಿಯು ಗಂಟೆಗೆ 430 ಕಿಲೋಮೀಟರು ವೇಗದಲ್ಲಿರುತ್ತದೆ. ಆಗ ಅದು ಕಣ್ಣಿಗೆ ಕಾಣುವುದಿಲ್ಲ. ತಾಯಂದಿರು ಈ ಆಟಕ್ಕೆ ಅಂಜುವುದು ವಿಮಾನ ಬೀಳುತ್ತದೆಂದು, ಅಂಜಬೇಕಾದದ್ದು ಇದಕ್ಕೆ. ಡೀಸೆಲು ಹೊತ್ತಿಕೊಳ್ಳುವಾಗ ಹಿಮ್ಮುಖವಾಗಿ ಒದೆಯುವುದೂ ಉಂಟು. ಬೆರಳಿನ ಬದಲು ರಬ್ಬರು ಸುತ್ತಿದ ಕೋಲಿನಿಂದ ತಟ್ಟುವ ಅಭ್ಯಾಸವನ್ನು ಮೊದಲ ದಿನವೇ ಮಾಡಿಕೊಳ್ಳಬೇಕು. ಓಡುತ್ತಿರುವ ಎಂಜಿನ್ನಿನ ತಿರುಪನ್ನು ಪ್ರೊಪೆಲರಿನ ಹಿಂದಿನಿಂದಲೇ ಮುಟ್ಟಬೇಕು. ಅದರ ತಿರುಗುಮಟ್ಟದ ಪಕ್ಕಕ್ಕೆ ಯಾರೂ ನಿಲ್ಲಬಾರದು. ಲೋಹದ ಪ್ರೊಪೆಲರನ್ನು ಯಾವ ಕಾರಣಕ್ಕೂ ಹಾಕಬಾರದು. ಕಲಿಯುವವನಿಗೆ ನೈಲಾನಿನದು ಒಳ್ಳೆಯದು; ನೆಲಕ್ಕೆ ತಾಗಿದರೆ ಬಾಗಿ ಉಳಿಯುತ್ತದೆ. ಬೀಚ್ ಮರದ್ದು ಬಿಗಿಯಾದುದು, ಎಂಜಿನ್ನಿಗೆ ಹಿತವಾದುದು; ಬಿದ್ದರೆ ಮುರಿಯುತ್ತದೆ. ಬಿರುಕು ಬಿಟ್ಟದ್ದು ಯಾವುದೇ ಆಗಲಿ, ಅಂಟು ಹಾಕದೆ ಎಸೆಯಬೇಕು.

ಹೊಸ ಪ್ರೊಪೆಲರನ್ನು ಕೊಂಡ ಕೂಡಲೆ ಹಾಕುವುದೂ ತಪ್ಪು. ನಡುವಿನ ತೂತಿಗೆ ನುಣುಪಾದ ಕಡ್ಡಿ ತೂರಿಸಿ ಎರಡು ಅಂಚುಗಳ ಮೇಲಿಟ್ಟು ನೋಡಬೇಕು. ಯಾವ ಅಲಗು ಕೆಳಕ್ಕೆ ವಾಲುವುದೋ ಅದರ ಬೆನ್ನನ್ನು ಮರಳುಕಾಗದದಿಂದ ಮೆಲ್ಲಗೆ ತೀಡಿ ತಕ್ಕಡಿಯ ಹಾಗೆ ಸಮ ಮಾಡಬೇಕು. ಸಮತೂಕವಿಲ್ಲದ ಪ್ರೊಪೆಲರು ಇಡೀ ವಿಮಾನವನ್ನು ನಡುಗಿಸಿ ಇಂಧನವನ್ನು ನೊರೆಯಾಗಿಸುತ್ತದೆ. ಅಲಗಿನ ಉಬ್ಬಿದ ಮೈ ಮುಂದಕ್ಕೂ ಚಪ್ಪಟೆ ಮೈ ಹಿಂದಕ್ಕೂ ಇರಬೇಕು. ಪಿಸ್ಟನ್ನು ಮೇಲೇರಿ ಒತ್ತಡ ತಾಗುವ ಹೊತ್ತಿಗೆ ಪ್ರೊಪೆಲರು ನೆಲಕ್ಕೆ ಸಮಾನಾಂತರವಾಗಿ ನಿಲ್ಲುವಂತೆ ಬಿಗಿದರೆ, ಎಂಜಿನ್ನು ನಿಂತಾಗಲೂ ಅದು ಸಾಮಾನ್ಯವಾಗಿ ಹಾಗೆಯೇ ನಿಲ್ಲುತ್ತದೆ. ಇಳಿಯುವಾಗ ಮುರಿಯುವುದು ತಪ್ಪುತ್ತದೆ. ಹುಡುಗನ 8×6 ಮುರಿದದ್ದು ಈ ಎಚ್ಚರ ತಪ್ಪಿದ್ದರಿಂದಲೇ.

ಎಲ್ಲಕ್ಕೂ ಮಿಗಿಲಾದ ಎಚ್ಚರ ಒಂದಿದೆ. ಉಕ್ಕಿನ ತಂತಿಯ ತುದಿಯ ವಿಮಾನವನ್ನು ವಿದ್ಯುತ್ ತಂತಿಗಳ ಬಳಿ ಎಂದಿಗೂ ಹಾರಿಸಬಾರದು. ತಾಗಿದರೆ ವಿದ್ಯುತ್ತು ಹರಿದುಬರುವುದು ನೇರವಾಗಿ ಹಿಡಿದ ಕೈಗೆ. ಅದಕ್ಕೆ ಎರಡನೆಯ ಅವಕಾಶವಿಲ್ಲ.

ಮೂರನೆಯ ಭಾನುವಾರ

ಮುರಿದ ರೆಕ್ಕೆಯನ್ನು ಕಟ್ಟಲು ಹುಡುಗನಿಗೆ ಎರಡು ವಾರ ಹಿಡಿಯಿತು. 8×6 ಕಡೆಗೂ ಸಿಗಲಿಲ್ಲ, ಸಿಕ್ಕಿದ್ದು 8×5. ಈ ಸಲ ಅವನು ಅಂಗಡಿಯಲ್ಲಿಯೇ ಕಾಗದದ ಮೇಲೆ ಲೆಕ್ಕ ಹಾಕಿದನು. ಹೊರೆ 20,480; ಮೊದಲಿನದಕ್ಕಿಂತ ಹಗುರ. ಎಂಜಿನ್ನು 9,800 ಸುತ್ತಿನ ಸಮೀಪಕ್ಕೆ ಏರಬಹುದು. ವೇಗ ಗಂಟೆಗೆ 75 ಕಿಲೋಮೀಟರಿನ ಸುಮಾರು. ಎಳೆತ 1,100 ಗ್ರಾಮಿಗೆ ಮೇಲೆ. ಸಾಕು.

ಬಯಲಿನಲ್ಲಿ ಹಿರಿಯರು ಹುಡುಗನಿಗೆ ಒಂದೇ ಮಾತು ಹೇಳಿದರು: “ಮೊದಲ ಹತ್ತು ಸುತ್ತು ನೆಟ್ಟಗೆ ಹಾರಿಸು. ಮೇಲಕ್ಕೇರಿಸಬೇಡ. ಲೆಕ್ಕ ಸರಿಯೇ ಎಂದು ಗಡಿಯಾರ ಹೇಳಲಿ.”

ತಂದೆಯು ಮಗಳನ್ನು ವೃತ್ತದ ಅಂಚಿನಿಂದ ಬಹು ದೂರಕ್ಕೆ, ಬೇಲಿಯ ಆಚೆಗೆ ಕರೆದೊಯ್ದು ಸ್ಟಾಪ್‌ವಾಚನ್ನು ಅವಳ ಕೈಗೆ ಕೊಟ್ಟರು. ಎಂಜಿನ್ನು ಹೊತ್ತಿತು. ದನಿ ಈ ಬಾರಿ ತುಸು ಏರಿತ್ತು. ಹುಡುಗನು ನೆತ್ತಿಯ ತಿರುಪನ್ನು ಕೂದಲೆಳೆಯಷ್ಟು ಬಿಗಿದು ಬಂದು ಹಿಡಿಯನ್ನು ಹಿಡಿದನು. ಒಂದು, ಎರಡು, ಮೂರು ಎಂದು ತಂಗಿ ಕೂಗಿ ಎಣಿಸಿದಳು. ಹತ್ತನೆಯ ಸುತ್ತಿಗೆ ಗುಂಡಿ ಒತ್ತಿ ಗಡಿಯಾರವನ್ನು ತಂದೆಗೆ ತೋರಿಸಿದಳು. ನಲವತ್ತೇಳು ಸೆಕೆಂಡು.

“ಲೆಕ್ಕ ಎಷ್ಟು ಹೇಳಿತ್ತೋ?” ಎಂದು ತಂದೆ ಬೇಲಿಯಾಚೆಯಿಂದ ಕೂಗಿ ಕೇಳಿದರು.

“ನಲವತ್ತಾರಪ್ಪಾ!”

ಹುಡುಗನ ತೋಳು ನೇರವಾಗಿ ಚಾಚಿಕೊಂಡಿತ್ತು. ತಂತಿಗಳು ವೀಣೆಯ ತಂತಿಯಂತೆ ಬಿಗಿದಿದ್ದವು. ಹಿರಿಯರು ತಲೆದೂಗಿದರು. ಹುಡುಗನು ಮಣಿಕಟ್ಟನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿದನು. ವಿಮಾನವು ಬಯಲಿನ ಅಂಚಿನಿಂದೆದ್ದು, ಅವನ ನೆತ್ತಿಯ ಮೇಲಿಂದ ಹಾಯ್ದು, ಎದುರು ಬದಿಗೆ ನಿರಾಯಾಸವಾಗಿ ಇಳಿದುಹೋಯಿತು.